ಎಡಗೈಗೆ ಒಪ್ಪುವ ಮಡಚುವ ಚಾಕು

ನಾನು ಎಡಗೈಯವಳು. ಊಟ ಒಂದನ್ನು ಬಿಟ್ಟರೆ ಬರೆಯುವುದು, ಕಾಯಿ ತುರಿಯುವುದು, ಕಸಿ ಕಟ್ಟುವುದು ಎಲ್ಲ ಎಡಗೈಯಲ್ಲೇ. ಚಾಕುಗಳ ಬಗ್ಗೆ ಬರೆಯುವಾಗ ಇದನ್ನು ಮೊದಲೇ ಹೇಳಬೇಕು. ಯಾಕೆಂದರೆ ನಮ್ಮ ಪೇಟೆಯ ಅಂಗಡಿಗಳಲ್ಲಿ ಕಸಿ ಚಾಕು ಅಂತ ಸಿಗುವುದೆಲ್ಲ ಬಲಗೈಯವರಿಗೆ ಮಾಡಿದ್ದು. ಅಷ್ಟು ಗೊತ್ತಾಗಲು ನನಗೆ ಎರಡು ಮಳೆಗಾಲ ಹಿಡಿಯಿತು. ಅಲ್ಲಿಂದ ಈಚೆಗೆ ಆರು ವರ್ಷ ಬೇರೆ ಬೇರೆ ಮಡಚುವ ಚಾಕುಗಳನ್ನು ತೋಟದಲ್ಲಿ, ಅಡುಗೆಮನೆಯಲ್ಲಿ ಬಳಸಿ ನೋಡಿದ್ದೇನೆ. ಯಾವುದು ಯಾತಕ್ಕೆ ಆಯಿತು, ಯಾವುದು ಆಗಲಿಲ್ಲ ಅಂತ ಇಲ್ಲಿ ಬರೆಯುತ್ತೇನೆ.

ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಡಿಕೆ ತೋಟ ನಮ್ಮನೆಯವರು ನೋಡಿಕೊಳ್ಳುತ್ತಾರೆ. ಮನೆ ಹಿಂದೆ ನೆರಳುಬಲೆ ಕಟ್ಟಿದ ಸಣ್ಣ ನರ್ಸರಿ ನನ್ನದು. ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ಗಿಡ ಜಾಸ್ತಿ. ಹಲಸು, ಮುರುಗಲು, ಹಿಪ್ಪಲಿ ಮೇಲೆ ಕಟ್ಟಿದ ಕಾಳುಮೆಣಸು ಅಷ್ಟಷ್ಟು. ಹಂಗಾಮಿನಲ್ಲಿ ದಿನಕ್ಕೆ 40–50 ಕಡ್ಡಿ ಹೆರೆಯುತ್ತೇನೆ. ಚಾಕು ಕೈಗೆಟುಕುವಂತೆ ಇರಬೇಕು, ಬೇಕಾದಾಗ ಬಿಚ್ಚಬೇಕು, ಮಡಚಿ ಮತ್ತೆ ಜೇಬಿಗೆ ಹಾಕಬೇಕು. ಇಲ್ಲಿನ ಹೆಂಗಸರು ನಾವು ನೈಟಿ ಮೇಲೆ ಮನೆಯವರ ಹಳೇ ಶರ್ಟು ಹಾಕಿಕೊಂಡು ತೋಟಕ್ಕೆ ಇಳಿಯುತ್ತೇವೆ. ಆ ಶರ್ಟಿನ ಜೇಬೇ ಚಾಕುವಿನ ಜಾಗ. ಭಾರದ ಚಾಕು ಅಲ್ಲಿ ಆಗುವುದಿಲ್ಲ. ಬಗ್ಗಿದ ಕೂಡಲೇ ಜಾರಿ ಬೀಳುತ್ತದೆ.

ಚಾಕು ಯಾಕೆ ಇಷ್ಟು ಮುಖ್ಯ ಅಂತ ತಿಳಿಯಬೇಕಾದರೆ ಮಾವಿನ ಕಸಿ ಹೇಗೆ ಮಾಡುತ್ತೇವೆ ಅನ್ನುವುದು ಗೊತ್ತಿರಬೇಕು. ವಾರ, ಹತ್ತು ದಿನ ಮುಂಚೆಯೇ ಎಲೆ ಕತ್ತರಿಸಿ ಬಿಟ್ಟ ಕುಡಿಯನ್ನು ತಾಯಿಮರದಿಂದ ಕೊಯ್ದು ತರುತ್ತೇವೆ. ಪೆನ್ಸಿಲ್ ದಪ್ಪ ಇರುತ್ತದೆ. ಅದರ ಬುಡವನ್ನು ಎರಡೂ ಕಡೆಯಿಂದ ಒಂದೂವರೆ ಇಂಚು ಉದ್ದಕ್ಕೆ ಓರೆಯಾಗಿ ಹೆರೆದು ಬೆಣೆ ಮಾಡಬೇಕು. ಗಿಡದ ಕಾಂಡ ಸೀಳಿ ಆ ಬೆಣೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ತೊಗಟೆಯ ಒಳಗಡೆ ತೆಳ್ಳಗೆ ಒಂದು ಹಸಿ ಪದರ ಇರುತ್ತದಲ್ಲ, ಜೀವ ಇರುವುದು ಅಲ್ಲೇ. ಕುಡಿಯ ಪದರ, ಗಿಡದ ಪದರ ಒಂದಕ್ಕೊಂದು ತಾಗಿ ಕೂರಬೇಕು. ಬೆಣೆಯ ಮುಖ ಗಾಜಿನ ಹಾಗೆ ಮಟ್ಟ ಇದ್ದರೆ ಕೂರುತ್ತದೆ. ನಡುವೆ ಒಂಚೂರು ಗುಳಿ ಬಿದ್ದರೂ ಅಲ್ಲಿ ನೀರು ಸೇರಿ ಕುಡಿ ಕಪ್ಪಾಗುತ್ತದೆ. ಒಂದು ಎಳೆತಕ್ಕೆ ಒಂದು ಮುಖ ಆಗಬೇಕು. ಸರಿಯಾಗಲಿಲ್ಲ ಅಂತ ಎರಡನೇ ಸಲ ಹೆರೆದರೆ ಮೆಟ್ಟಿಲು ಬೀಳುತ್ತದೆ.

ಅದಕ್ಕಾಗಿಯೇ ಕಸಿ ಚಾಕುವಿನ ಅಲಗು ಒಂದು ಮುಖ ಪೂರ್ತಿ ಚಪ್ಪಟೆ, ಇನ್ನೊಂದು ಮುಖ ಇಳಿಜಾರು. ಬಡಗಿಯ ಉಳಿ ಇದ್ದ ಹಾಗೆ. ಚಪ್ಪಟೆ ಮುಖ ಕಡ್ಡಿಯ ಮೈಗೆ ಒರಗಿಕೊಂಡೇ ಹೋಗುವುದರಿಂದ ಗಾಯ ನೇರ ಬರುತ್ತದೆ. ಅದೇ ಚಾಕುವನ್ನು ಎಡಗೈಯಲ್ಲಿ ಹಿಡಿದರೆ ಎಲ್ಲ ತಿರುಗುಮುರುಗು. ಇಳಿಜಾರು ಮುಖ ಕಡ್ಡಿಯ ಕಡೆಗೆ ಬಂದು ಅಲಗು ತೇಲುತ್ತದೆ. ಒತ್ತಿದರೆ ಗುಳಿ ತೋಡುತ್ತದೆ. ನನ್ನ ಕೈಯೇ ಸರಿ ಇಲ್ಲ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಮಾವ ಪಕ್ಕದಲ್ಲಿ ಕೂತು ನಾನು ಹೆರೆಯುವುದನ್ನೇ ನೋಡುತ್ತಿದ್ದರು. ಚಾಕು ಇಸಕೊಂಡು ಬೆಳಕಿಗೆ ಹಿಡಿದು, ಅಲಗನ್ನು ಆಚೆ ಈಚೆ ತಿರುಗಿಸಿದರು. "ತಂಗೀ, ತಪ್ಪು ನಿನ್ನ ಕೈಯದಲ್ಲ. ಇದು ಬಲಗೈ ಚಾಕು" ಅಂದರು. ಆವತ್ತು ನನಗೆ ಎಷ್ಟು ಹಗುರ ಆಯಿತು ಅಂದರೆ, ಬಿದ್ದಿದ್ದ ಕಡ್ಡಿಗಳನ್ನೆಲ್ಲ ಆರಿಸಿ ನೋಡಿದೆ. ಎಲ್ಲದರಲ್ಲೂ ಗುಳಿ ಒಂದೇ ಕಡೆ ಇತ್ತು.

ಎಡಗೈಯವರಿಗೆ ಅಂತಲೇ ಕಸಿ ಚಾಕು ಮಾಡುವವರು ಇದ್ದಾರೆ. ಜರ್ಮನಿಯ ರಾಯ್ಟ್ಲಿಂಗನ್ ಊರಿನಲ್ಲಿ 1854ರಿಂದ ಚಾಕು ಮಾಡುತ್ತಿರುವ ಟೀನಾ ಕಂಪನಿಯದು ಕಸಿ ಕಟ್ಟುವವರಲ್ಲಿ ದೊಡ್ಡ ಹೆಸರು. ಅವರ ಹತ್ತಿರ ಎಡಗೈಯದೂ ಇದೆ. ಆದರೆ ಬೆಲೆ ಜಾಸ್ತಿ, ನಾನು ಕೊಂಡಿಲ್ಲ. ಕೈಯಲ್ಲಿ ಹಿಡಿಯದ ಚಾಕುವಿನ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದು ಸರಿಯಲ್ಲ. ಎರಡೂ ಮುಖ ಒಂದೇ ಥರ ಮಸೆದ ಸಾದಾ ಮಡಚುವ ಚಾಕು ಯಾವ ಕೈಗಾದರೂ ಸಮ ಅಲ್ವಾ, ಅದನ್ನೇ ನೋಡೋಣ ಅಂತ ಹೊರಟೆ.

ಮೊದಲು ಕೊಂಡಿದ್ದು ಆನ್‌ಲೈನಿನಲ್ಲಿ. ಹೆಸರು ಬೇಡ. ಮೈಯೆಲ್ಲ ಕಪ್ಪು ಬಣ್ಣ, ತುದಿ ಉಳಿಯ ಹಾಗೆ ಮೂಲೆ ಮುರಿದ ಟ್ಯಾಂಟೊ ಆಕಾರ, ಬುಡದ ಅರ್ಧ ಅಲಗಿಗೆ ಗರಗಸದ ಹಲ್ಲು. ಚಿತ್ರದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಕಡ್ಡಿ ಹೆರೆಯಲು ಬೇಕಾಗುವುದು ಹಿಡಿಯ ಹತ್ತಿರದ ನೇರ ಅಂಚು. ಅಲ್ಲೇ ಹಲ್ಲು ಇಟ್ಟಿದ್ದರು. ಕೈಗೆ ಬಲ ಸಿಗುವ ಜಾಗವೂ ಅದೇ. ಹಲ್ಲಿನ ಮೇಲೆ ಎಳೆದರೆ ತೊಗಟೆ ಸಿಗಿದು ನಾರು ನಾರಾಗುತ್ತಿತ್ತು. ಟ್ಯಾಂಟೊ ತುದಿ ಗಟ್ಟಿ, ಚುಚ್ಚಲು ಆಗುತ್ತದೆ. ಆದರೆ ಮೂಲೆ ಇರುವುದರಿಂದ ಒಂದೇ ಎಳೆತದಲ್ಲಿ ಕೊಯ್ಯಲು ಬರುವುದಿಲ್ಲ, ಮಸೆಯುವಾಗಲೂ ಎರಡು ಅಂಚು ಬೇರೆ ಬೇರೆ ಮಸೆಯಬೇಕು. ಅಲಗಿನ ಮೇಲೆ ಸ್ಟೀಲ್ '440' ಅಂತ ಮಾತ್ರ ಬರೆದಿತ್ತು. ಇದರಲ್ಲಿ ಒಂದು ವಿಷಯ ಗಮನಿಸಿ. 440 ಅನ್ನುವುದರಲ್ಲಿ ಎ, ಬಿ, ಸಿ ಅಂತ ಮೂರು ಬಗೆ. 440ಎ ಸ್ಟೀಲಿನಲ್ಲಿ ಕಾರ್ಬನ್ ಸುಮಾರು ಶೇ. 0.7, 440ಸಿಯಲ್ಲಿ ಶೇ. 1ರ ಆಸುಪಾಸು. ಗಟ್ಟಿತನದಲ್ಲಿ, ಹರಿತ ನಿಲ್ಲುವುದರಲ್ಲಿ ಬಹಳ ವ್ಯತ್ಯಾಸ. ಅಕ್ಷರ ಇಲ್ಲದೆ ಬರೀ ಸಂಖ್ಯೆ ಹಾಕಿದ್ದರೆ ಅದನ್ನು ನಂಬಿ ದುಡ್ಡು ಕೊಡಬೇಡಿ. ಆ ಚಾಕು ಈಗ ಸಿಮೆಂಟ್ ಚೀಲ ಬಿಚ್ಚಲು ಕೊಟ್ಟಿಗೆಯಲ್ಲಿದೆ.

ಎಲ್ಲರೂ ಮೊದಲು ಕೇಳುವುದು ಸ್ಟೀಲ್ ಯಾವುದು ಅಂತ. ನನ್ನ ಅನುಭವದಲ್ಲಿ ಮೊದಲು ಕೇಳಬೇಕಾದ್ದು ಅಲಗಿನ ಆಕಾರ. ಸ್ಟೀಲ್ ಸ್ವಲ್ಪ ಮೆದು ಇದ್ದರೆ ಇನ್ನೆರಡು ಸಲ ಮಸೆಯಬಹುದು. ಆಕಾರ ತಪ್ಪಿದರೆ ಏನೂ ಮಾಡಲು ಬರುವುದಿಲ್ಲ.

ಬೆನ್ನು ಬಾಗಿ ಬಂದು ತುದಿಯಲ್ಲಿ ಅಂಚನ್ನು ಸೇರುವ, ಅಂಚು ಮಾತ್ರ ಗೆರೆ ಎಳೆದ ಹಾಗೆ ನೇರ ಇರುವ ಅಲಗಿಗೆ ಶೀಪ್ಸ್‌ಫುಟ್ ಅನ್ನುತ್ತಾರೆ, ಕುರಿಯ ಗೊರಸು ಅಂತ ಅರ್ಥ. ಕಡ್ಡಿ ಹೆರೆಯಲು ಇದಕ್ಕಿಂತ ಒಳ್ಳೆ ಆಕಾರ ಇಲ್ಲ. ಚೂಪು ತುದಿ ಇಲ್ಲದ್ದರಿಂದ ಚುಚ್ಚಿಕೊಳ್ಳುವ ಭಯ ಕಡಿಮೆ. ಕಸಿ ಚಾಕುಗಳೂ ಹೆಚ್ಚುಕಡಿಮೆ ಹೀಗೇ ಇರುತ್ತವೆ. ಆದರೆ ಹಣ್ಣು ಹೆಚ್ಚಲು, ತರಕಾರಿ ಕಣ್ಣು ತೆಗೆಯಲು ಅಷ್ಟು ಹಿತವಲ್ಲ. ಹೊಟ್ಟೆ ಉಬ್ಬಿದ ಅಲಗು ಅದಕ್ಕೆ ಬೇಕು. ಡ್ರಾಪ್ ಪಾಯಿಂಟ್ ಅನ್ನುವುದು ಆ ಜಾತಿ. ಬೆನ್ನು ನಿಧಾನಕ್ಕೆ ಇಳಿದು ತುದಿ ನಡುವಿಗೆ ಬರುತ್ತದೆ, ತುದಿ ಗಟ್ಟಿ ಇರುತ್ತದೆ. ಕ್ಲಿಪ್ ಪಾಯಿಂಟಿನಲ್ಲಿ ಬೆನ್ನಿನ ತುದಿಭಾಗ ಕಚ್ಚಿ ತೆಗೆದ ಹಾಗಿದ್ದು ತುದಿ ಸೂಜಿಯಷ್ಟು ಚೂಪು. ಅಮೆರಿಕದ ಬಕ್ ಕಂಪನಿ 1964ರಲ್ಲಿ ತಂದ 110 ಅನ್ನುವ ಚಾಕು ಈ ಆಕಾರಕ್ಕೆ ಹೆಸರಾದದ್ದು. ಹಿತ್ತಾಳೆ ಕಟ್ಟು, ಮರದ ಹಿಡಿ, ನೋಡಲು ಬಲು ಚೆಂದ. ತೂಕ ಮಾತ್ರ 200 ಗ್ರಾಂ ಹತ್ತಿರ. ನಮ್ಮ ಭಾವನವರ ಹತ್ತಿರ ಒಂದಿದೆ. ಮುಳ್ಳು ತೆಗೆಯಲು ಅದರ ತುದಿ ಬಹಳ ಒಳ್ಳೆಯದು. ನನ್ನ ಜೇಬಿಗೆ ಅದು ಹೊರೆ.

ಗಿಣಿಕೊಕ್ಕಿನ ಹಾಗೆ ಒಳಕ್ಕೆ ಬಾಗಿದ್ದು ಇನ್ನೊಂದು. ಇದು ನಮಗೆ ಹೊಸದಲ್ಲ, ಕುಡುಗೋಲಿನ ತಮ್ಮ. ಮೆಣಸಿನ ಬಳ್ಳಿ ಸವರಲು, ಬಾಳೆ ಎಲೆ ಕೊಯ್ಯಲು, ಕಟ್ಟಿದ ಹಗ್ಗ ಬಿಚ್ಚದೆ ಕೊಯ್ಯಲು ಇದೇ ಬೇಕು. ಕೊಕ್ಕಿಗೆ ಸಿಕ್ಕ ಬಳ್ಳಿ ಜಾರಿ ತಪ್ಪಿಸಿಕೊಳ್ಳುವುದಿಲ್ಲ. ಫ್ರಾನ್ಸಿನ ಓಪಿನೆಲ್ ಅನ್ನುವ ಚಾಕು ಕಂಪನಿಯವರು ತೋಟಕ್ಕೆ ಅಂತ 8ನೇ ನಂಬರಿನ ಅಳತೆಯಲ್ಲೇ ಇಂಥದ್ದೊಂದು ಮಾಡುತ್ತಾರೆ. ನನ್ನ ಹತ್ತಿರ ಅದಿದೆ, ಮೆಣಸಿನ ಕೆಲಸಕ್ಕೆ ದಿನವೂ ಬಳಸುತ್ತೇನೆ. ಒಂದೇ ತೊಡಕು, ಚಪ್ಪಟೆ ಸಾಣೆಕಲ್ಲಿನ ಮೇಲೆ ಅದನ್ನು ಮಸೆಯಲು ಬರುವುದಿಲ್ಲ. ನಾನು ಗುಂಡನೆ ಕೋಲಿಗೆ ಸಣ್ಣ ಮರಳುಕಾಗದ ಸುತ್ತಿ ಮಸೆಯುತ್ತೇನೆ.

ಆಕಾರ ಸರಿ ಇದ್ದರೂ ಮೋಸ ಹೋಗುವ ಜಾಗ ಇನ್ನೊಂದಿದೆ. ಬೀಗ. ಅಂದರೆ ಬಿಚ್ಚಿದ ಅಲಗು ತಾನಾಗಿ ಮಡಚದಂತೆ ತಡೆಯುವ ವ್ಯವಸ್ಥೆ. ನಾನು ಎರಡನೆಯದಾಗಿ ಕೊಂಡ ಚಾಕುವಿಗೆ ಬೀಗ ಇರಲಿಲ್ಲ. ಬೆನ್ನಿನ ಸ್ಪ್ರಿಂಗ್ ಮಾತ್ರ. ಹಿಪ್ಪಲಿ ಕಾಂಡ ಸೀಳುವಾಗ ಅಲಗಿನ ತುದಿಯನ್ನು ಕೆಳಕ್ಕೆ ಒತ್ತಿ ಹಿಂದೆ ಮುಂದೆ ಅಲುಗಾಡಿಸಿದೆ. ಅಲಗು ಸರಕ್ಕನೆ ಮಡಚಿ ತೋರುಬೆರಳಿನ ಮೇಲೆ ಕೂತಿತು. ಮೂರು ಹೊಲಿಗೆ. ಮಳೆಗಾಲದ ಅತಿ ಬಿಡುವಿಲ್ಲದ ಹದಿನೈದು ದಿನ ಕೈ ಕಟ್ಟಿಕೊಂಡು ಕೂರಬೇಕಾಯಿತು. ಬೀಗ ಇಲ್ಲದ ಚಾಕುವಿನಲ್ಲಿ ಎಳೆದು ಕೊಯ್ಯಬೇಕೇ ಹೊರತು ಬೆನ್ನಿನ ಕಡೆಗೆ ಒತ್ತಡ ಬೀಳುವ ಕೆಲಸ ಮಾಡಲೇಬಾರದು. ಇದನ್ನು ನಾನು ಕಸಿ ಕಲಿಯಲು ಬರುವ ಎಲ್ಲ ಹುಡುಗಿಯರಿಗೂ ಮೊದಲ ದಿನವೇ ಹೇಳುತ್ತೇನೆ.

ವಿಕ್ಟೋರಿನಾಕ್ಸಿನ ಕೆಂಪು ಚಾಕು ಎಲ್ಲರಿಗೂ ಗೊತ್ತು. ಸ್ವಿಟ್ಜರ್ಲೆಂಡಿನ ಈಬಾಖ್‌ನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಕಮ್ಮಟ ಶುರು ಮಾಡಿದ, 1891ರಲ್ಲಿ ಸೈನಿಕರಿಗೆ ಚಾಕು ಕೊಟ್ಟ, 1897ರಲ್ಲಿ ಈಗಿನ ರೂಪಕ್ಕೆ ತಂದ. ತಾಯಿ ವಿಕ್ಟೋರಿಯಾ ತೀರಿಹೋದ ಮೇಲೆ ಆಕೆಯ ಹೆಸರನ್ನೇ ಗುರುತಿಗೆ ಇಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಅನ್ನುವ ಅರ್ಥದ 'ಇನಾಕ್ಸ್' ಅದಕ್ಕೆ ಸೇರಿತು. ನನ್ನದು 91 ಮಿಲಿಮೀಟರಿನದು. ಎರಡು ಅಲಗು, ಕತ್ತರಿ, ಚಿಕ್ಕ ಗರಗಸ. ಅಲಗಿಗೆ ಬೀಗ ಇಲ್ಲ. ಆದ್ದರಿಂದ ಸೀಳುವ ಕೆಲಸಕ್ಕೆ ತೆಗೆಯುವುದಿಲ್ಲ. ಆದರೆ ಆ ಗರಗಸ! ಹೆಬ್ಬೆರಳು ದಪ್ಪದ ಹಸಿ ಟೊಂಗೆಯನ್ನು ಸಲೀಸಾಗಿ ಕೊಯ್ಯುತ್ತದೆ. ಕತ್ತರಿಯಲ್ಲಿ ಪ್ಲಾಸ್ಟಿಕ್ ಪಟ್ಟಿ ಕತ್ತರಿಸುತ್ತೇನೆ. ಎಡಗೈಯವರಿಗೆ ಒಂದು ಮಾತು. ಉಗುರು ಹಾಕಿ ಬಿಚ್ಚುವ ಗೀರು ಬಲಗೈ ಹೆಬ್ಬೆರಳಿಗೆ ಸಿಗುವ ಮುಖದಲ್ಲಿರುತ್ತದೆ. ನಾನು ಬಲಗೈಯಲ್ಲಿ ಬಿಚ್ಚಿ ಎಡಗೈಗೆ ದಾಟಿಸುತ್ತೇನೆ. ಈಗ ಅಭ್ಯಾಸ ಆಗಿದೆ.

ಅದರ ಸ್ಟೀಲ್ ಗಟ್ಟಿತನ ರಾಕ್‌ವೆಲ್ ಅಳತೆಯಲ್ಲಿ 56. ಈಗಿನ ಬೆಲೆಬಾಳುವ ಚಾಕುಗಳು 60ರ ಮೇಲೆ ಇರುತ್ತವೆ. ಹಾಗಂತ ಇದು ಕಳಪೆ ಅಂತ ತಿಳಿಯಬಾರದು. ಮೆದು ಇರುವುದರಿಂದ ಅಂಚು ಚಕ್ಕೆ ಏಳುವುದಿಲ್ಲ. ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ಅದರ ತಳದ ಒರಟು ಉಂಗುರದ ಮೇಲೆ ಐದಾರು ಸಲ ಎಳೆದರೆ ಮತ್ತೆ ಹರಿತ. ಬೇಗ ಮೊಂಡಾಗುತ್ತದೆ, ಬೇಗ ಹರಿತವೂ ಆಗುತ್ತದೆ. ಇದಕ್ಕೆ ಎದುರು ಡಿ2 ಅನ್ನುವ ಸ್ಟೀಲ್. ಕಾರ್ಬನ್ ಶೇ. 1.5, ಕ್ರೋಮಿಯಂ ಶೇ. 12ರ ಹತ್ತಿರ. ಇತ್ತೀಚೆಗೆ ಸಾವಿರ, ಎರಡು ಸಾವಿರದ ಚಾಕುಗಳಲ್ಲೂ ಬರುತ್ತಿದೆ. ಹರಿತ ಬಹಳ ದಿನ ನಿಲ್ಲುತ್ತದೆ, ನಿಜ. ಒಮ್ಮೆ ಮೊಂಡಾದರೆ ಮನೆಯ ಸಾಣೆಕಲ್ಲಿಗೆ ಬಗ್ಗುವುದಿಲ್ಲ, ವಜ್ರದ ಪುಡಿ ಅಂಟಿಸಿದ ಪಟ್ಟಿ ಬೇಕು. ದಿನವಿಡೀ ರಟ್ಟಿನ ಪೆಟ್ಟಿಗೆ ಕೊಯ್ಯುವವರಿಗೆ ಡಿ2 ಕೊಳ್ಳಿ ಅಂತ ಹೇಳುತ್ತೇನೆ. ಕಸಿ ಕಟ್ಟುವವರಿಗೆ ಹೇಳುವುದಿಲ್ಲ. ನಮಗೆ ಬೇಕಾದ್ದು ಪ್ರತಿ 20 ಕಡ್ಡಿಗೆ ಒಮ್ಮೆ ಎರಡು ನಿಮಿಷದಲ್ಲಿ ಕ್ಷೌರದ ಹರಿತಕ್ಕೆ ಬರುವ ಅಲಗು.

ಅಂಥ ಅಲಗು ಕೊನೆಗೆ ಸಿಕ್ಕಿದ್ದು ಓಪಿನೆಲ್ 8ರಲ್ಲಿ. ಜರ್ಮನಿಯಲ್ಲಿ ಓದುವ ತಮ್ಮ ರಜೆಗೆ ಬರುವಾಗ ಎರಡು ತಂದ. ಒಂದು ಕಾರ್ಬನ್ ಸ್ಟೀಲಿನದು, ಒಂದು ಸ್ಟೇನ್‌ಲೆಸ್. ವಿಮಾನದಲ್ಲಿ ಕೈಚೀಲಕ್ಕೆ ಹಾಕಲು ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆ ನಡುವೆ ಇಟ್ಟು ತಂದಿದ್ದ.

ಇದು ಫ್ರಾನ್ಸಿನ ಸವೋಯ್ ಬೆಟ್ಟಸೀಮೆಯ ರೈತರ ಚಾಕು. ಜೋಸೆಫ್ ಓಪಿನೆಲ್ ಅನ್ನುವವನು 1890ರಲ್ಲಿ ಮಾಡಿದ್ದು. 1897ರಲ್ಲಿ 1ರಿಂದ 12ರವರೆಗೆ ಅಳತೆ ಪ್ರಕಾರ ನಂಬರು ಕೊಟ್ಟರು. 8ನೆಯದರ ಅಲಗು ಎಂಟೂವರೆ ಸೆಂಟಿಮೀಟರ್. ಇಡೀ ಚಾಕುವಿನಲ್ಲಿ ಇರುವುದು ಐದೇ ಭಾಗ. ಅಲಗು, ಮರದ ಹಿಡಿ, ಅಚ್ಚಿನ ಮೊಳೆ, ಸುತ್ತು ಪಟ್ಟಿ, ಅದರ ಮೇಲೆ ತಿರುಗುವ ಬಳೆ. 1955ರಲ್ಲಿ ಸೇರಿದ ಈ ಬಳೆಗೆ ವಿರೋಬ್ಲಾಕ್ ಅಂತ ಹೆಸರು. ಅಲಗು ಬಿಚ್ಚಿ ಬಳೆಯನ್ನು ಒಂಚೂರು ತಿರುಗಿಸಿದರೆ ಅದರ ಸೀಳು ಮುಚ್ಚಿಕೊಂಡು ಅಲಗು ಹಿಂದಕ್ಕೆ ಬರುವ ದಾರಿಯೇ ಇರುವುದಿಲ್ಲ. ಬೀಗದ ಬೇರೆ ಹಲವು ಚಾಕುಗಳಲ್ಲಿ ಹಿಡಿಯೊಳಗೆ ತಗಡಿನ ನಾಲಿಗೆ ಇರುತ್ತದೆ. ಅದನ್ನು ಬಲಗೈ ಹೆಬ್ಬೆರಳಿನಿಂದ ಒತ್ತಬೇಕು. ಬಳೆಗೆ ಎಡ ಬಲ ಇಲ್ಲ. ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದು ತಿರುವಿದರೆ ಆಯಿತು. ಬೆರಳಿಗೆ ಹೊಲಿಗೆ ಹಾಕಿಸಿಕೊಂಡ ನನಗೆ ಆ 'ಕಿರ್' ಅನ್ನುವ ಸದ್ದು ಕೇಳಿದರೇ ಒಂದು ಧೈರ್ಯ.

ಅಲಗು ಬಹಳ ತೆಳು. ಎರಡು ಮಿಲಿಮೀಟರಿಗೂ ಕಡಿಮೆ. ದಪ್ಪ ಅಲಗು ಬೆಣೆಯ ಹಾಗೆ ಕಡ್ಡಿಯನ್ನು ಸೀಳಿಬಿಡುತ್ತದೆ, ತೆಳು ಅಲಗು ಹೆರೆಯುತ್ತದೆ. ಅಂಚು ಪೂರಾ ನೇರವಲ್ಲ, ತುದಿ ಕಡೆಗೆ ಸ್ವಲ್ಪ ಮೇಲೇರುತ್ತದೆ. ಆದರೆ ಹಿಡಿಯ ಕಡೆಯ ಅರ್ಧ ಹೆಚ್ಚುಕಡಿಮೆ ನೇರ ಇದೆ. ನನ್ನ ಒಂದೂವರೆ ಇಂಚಿನ ಬೆಣೆಗೆ ಅಷ್ಟು ಸಾಕು. ತೂಕ 45 ಗ್ರಾಂ ಆಸುಪಾಸು. ಜೇಬಿನಲ್ಲಿ ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಳ್ಳಬೇಕು.

ಎರಡೂ ಚಾಕು ಆಕಾರದಲ್ಲಿ, ಹಿಡಿಯಲ್ಲಿ ಒಂದೇ. ಸ್ಟೀಲ್ ಮಾತ್ರ ಬೇರೆ. ಹಾಗಾಗಿ ಹೋಲಿಸಲು ಇದಕ್ಕಿಂತ ಒಳ್ಳೆ ಜೋಡಿ ಸಿಗುವುದಿಲ್ಲ. ಕಾರ್ಬನ್ ಅಲಗಿನಲ್ಲಿ ಕಾರ್ಬನ್ ಸುಮಾರು ಶೇ. 0.9, ತುಕ್ಕು ತಡೆಯುವ ಕ್ರೋಮಿಯಂ ಇಲ್ಲ. ಸ್ಟೇನ್‌ಲೆಸ್‌ನದು ಸ್ವೀಡನ್ನಿನ ಸ್ಯಾಂಡ್ವಿಕ್ 12ಸಿ27ಎಂ. ಕಾರ್ಬನ್ ಅರ್ಧ ಶೇಕಡಾದಷ್ಟು, ಕ್ರೋಮಿಯಂ ಶೇ. 14.5. ಕಾರ್ಬನ್ ಅಲಗನ್ನು ಕಲ್ಲಿನ ಮೇಲೆ ಎಳೆದರೆ ಕೈಗೇ ಗೊತ್ತಾಗುತ್ತದೆ. ಕಲ್ಲು ಸ್ಟೀಲನ್ನು ಹಿಡಿಯುತ್ತದೆ. ಎಂಟು ಹತ್ತು ಎಳೆತಕ್ಕೆ ಮುಂಗೈ ಕೂದಲು ಹೋಗುವಷ್ಟು ಹರಿತ. ಸ್ಟೇನ್‌ಲೆಸ್‌ಗೆ ಅದರ ಎರಡರಷ್ಟು ಹೊತ್ತು. ಹರಿತ ಬಂದ ಮೇಲೆ ಎರಡೂ ಚೆನ್ನಾಗೇ ಕೊಯ್ಯುತ್ತವೆ.

ಬದಲಾವಣೆ ಕಾಣುವುದು ಸೊನೆ ತಾಗಿದ ಮೇಲೆ. ಮೊದಲ ದಿನ ಮಾವಿನ ಕುಡಿ ಹತ್ತು ಹೆರೆಯುವಷ್ಟರಲ್ಲಿ ಕಾರ್ಬನ್ ಅಲಗಿನ ಮೇಲೆ ನೀಲಿ ಕಲೆ ಬಿತ್ತು. ಇಪ್ಪತ್ತಕ್ಕೆ ನವಿಲುಗರಿಯ ಬಣ್ಣ. ಸಂಜೆಗೆ ಮೋಡದ ಬೂದು. ಹಸಿ ಅಡಿಕೆ ಕೊಯ್ದಾಗಂತೂ ಕಪ್ಪೇ ಆಯಿತು. ಗಾಬರಿ ಬೇಡ, ಇದು ತುಕ್ಕಲ್ಲ. ಅಡಿಕೆಯಲ್ಲಿ, ಮಾವಿನಲ್ಲಿ ಚೊಗರು ಇದೆಯಲ್ಲ, ಅದು ಕಬ್ಬಿಣಕ್ಕೆ ಸೇರಿದರೆ ಕಪ್ಪಾಗುತ್ತದೆ. ಅಳಲೆಕಾಯಿ ಚೊಗರಿಗೆ ಕಬ್ಬಿಣ ಸೇರಿಸಿ ಹಿಂದಿನವರು ಕಪ್ಪು ಶಾಯಿ, ಕಪ್ಪು ಬಣ್ಣ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಆ ಕಪ್ಪು ಪದರ ಅಲಗಿಗೆ ಒಂದು ಅಂಗಿ ಇದ್ದ ಹಾಗೆ, ಕೆಂಪು ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ನಾನು ಅದನ್ನು ತಿಕ್ಕಿ ತೆಗೆಯುವುದಿಲ್ಲ. ಕೆಲಸ ಮುಗಿದ ಮೇಲೆ ಒರೆಸಿ, ಒಣಗಿಸಿ, ಬೆರಳಿನಲ್ಲಿ ಒಂದು ಹನಿ ಕೊಬ್ಬರಿ ಎಣ್ಣೆ ಸವರುತ್ತೇನೆ. ಒಂದು ರಾತ್ರಿ ಮರೆತೆ. ಜುಲೈ ತಿಂಗಳು, ಹೊರಗೆ ಜಡಿಮಳೆ. ಬೆಳಿಗ್ಗೆ ಅಲಗಿನ ಬುಡದಲ್ಲಿ ಕೆಂಪು ಚುಕ್ಕಿ ಎದ್ದಿತ್ತು. ತಪ್ಪು ನನ್ನದೇ.

ಅಡುಗೆಮನೆಗೆ ಮಾತ್ರ ಸ್ಟೇನ್‌ಲೆಸ್ ಇರಲಿ. ಕಾರ್ಬನ್ ಅಲಗಿನಲ್ಲಿ ನಿಂಬೆಹಣ್ಣು ಹೆಚ್ಚಿದರೆ ಕಬ್ಬಿಣದ ವಾಸನೆ ಬರುತ್ತದೆ. ಅಮಟೆಕಾಯಿ ಕೊಯ್ದರೆ ಅದರ ಮುಖವೂ ಕಪ್ಪು. ಅತ್ತೆಗೆ ಅದು ಸರಿಬರುವುದಿಲ್ಲ. ಸ್ಟೇನ್‌ಲೆಸ್‌ನದು ಈಗ ಅವರ ಬಳಿಯೇ ಇದೆ, ವೀಳ್ಯದೆಲೆ ತೊಟ್ಟು ತೆಗೆಯುವುದರಿಂದ ಹಿಡಿದು ಹಲಸಿನಕಾಯಿ ತೊಳೆ ಬಿಡಿಸುವವರೆಗೆ.

ಹಿಡಿಯ ವಿಷಯಕ್ಕೆ ಬರೋಣ. ಬೇರೆ ಊರಿನವರಿಗೆ ಹಿಡಿ ಅನ್ನುವುದು ಚೆಂದದ ಮಾತಿರಬಹುದು. ವರ್ಷಕ್ಕೆ ನಾಲ್ಕು ತಿಂಗಳು ಕೈ ಒಣಗದ ಮಲೆನಾಡಿನಲ್ಲಿ ಹಾಗಲ್ಲ. ಓಪಿನೆಲ್ ಹಿಡಿ ಬೀಚ್ ಮರದ್ದು. ಕೈಗೆ ಬೆಚ್ಚಗೆ, ಗುಂಡಗೆ, ಎಡಗೈಗೂ ಬಲಗೈಗೂ ಒಂದೇ. ಆದರೆ ಮರ ಮರವೇ. ನೀರು ಕುಡಿದರೆ ಉಬ್ಬುತ್ತದೆ. ಉಬ್ಬಿದರೆ ಅಲಗು ಕೂರುವ ಸಂದು ಕಿರಿದಾಗಿ ಬಿಚ್ಚಲು ಬರುವುದಿಲ್ಲ. ಸವೋಯ್ ಸೀಮೆಯವರಿಗೂ ಇದು ಗೊತ್ತು. ಹಿಡಿಯ ಹಿಂಬದಿಯನ್ನು ಮೇಜಿಗೆ ಟಕ್ ಅಂತ ಕುಟ್ಟಿದರೆ ಅಲಗು ಒಂದಿಷ್ಟು ಹೊರಗೆ ಬರುತ್ತದೆ, ಆಮೇಲೆ ಬೆರಳಿನಲ್ಲಿ ಎಳೆಯಬಹುದು. ಆ ಉಪಾಯಕ್ಕೆ 'ಸವೋಯ್‌ನವರ ಏಟು' ಅಂತಲೇ ಹೆಸರಿದೆ. ನಾನೂ ಜಗುಲಿ ಕಂಬಕ್ಕೆ ಕುಟ್ಟುತ್ತೇನೆ. ಪೂರ್ತಿ ತಪ್ಪಿಸಲು ಮಾಡಿದ್ದು ಇದು. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಬಿಸಿಲಿನಲ್ಲಿ ಹಿಡಿಯನ್ನು ಎರಡು ದಿನ ಒಣಗಿಸಿ, ಅಗಸೆ ಎಣ್ಣೆಯನ್ನು ಸಂದಿನೊಳಗೂ ಬಿಟ್ಟು ನೆನೆಸಿದೆ. ಎಣ್ಣೆ ಕುಡಿದ ಮರ ನೀರು ಕಡಿಮೆ ಕುಡಿಯುತ್ತದೆ. ಒಳಸಂದನ್ನು ಮರಳುಕಾಗದದಲ್ಲಿ ಕೂದಲೆಳೆಯಷ್ಟು ಅಗಲ ಮಾಡಿದೆ. ಹೋದ ಮಳೆಗಾಲ ಕಂಬಕ್ಕೆ ಕುಟ್ಟಿದ್ದು ನಾಲ್ಕೈದು ಸಲ ಅಷ್ಟೇ. ಒದ್ದೆ ಆದರೆ ಬಚ್ಚಲೊಲೆಯ ಮೇಲಿನ ಗೂಡಿನಲ್ಲಿ ಇಡುತ್ತೇನೆ. ಒಲೆಯ ಬಾಯಿಗೆ ಹತ್ತಿರ ಬೇಡ, ಮರ ಬಿರಿಯುತ್ತದೆ.

ಕೆಂಪು ಪ್ಲಾಸ್ಟಿಕ್ ಹಿಡಿಗೆ ಮಳೆಯ ಭಯ ಇಲ್ಲ. ಒದ್ದೆ ಕೈಯಲ್ಲಿ ನುಣುಪು ಜಾಸ್ತಿ, ಅದು ಎಲ್ಲ ನಯವಾದ ಪ್ಲಾಸ್ಟಿಕ್ಕಿಗೂ ಇರುವ ಗುಣ. ಗಾಜಿನ ನೂಲಿನ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಪದರ ಪದರ ಒತ್ತಿ ಮಾಡುವ ಜಿ10 ಅನ್ನುವ ಹಿಡಿ ಎಷ್ಟೇ ಒದ್ದೆಯಾದರೂ ಜಾರುವುದಿಲ್ಲ, ಉಬ್ಬುವುದಿಲ್ಲ, ಬಿರಿಯುವುದಿಲ್ಲ. ನನ್ನ ಆ ಕಪ್ಪು ಚಾಕುವಿನಲ್ಲಿ ಚೆನ್ನಾಗಿದ್ದದ್ದು ಅದೊಂದೇ. ಆದರೆ 40 ಕಡ್ಡಿ ಹೆರೆಯುವಷ್ಟರಲ್ಲಿ ಅಂಗೈ ಉರಿ ಬರುತ್ತದೆ, ಅಷ್ಟು ಒರಟು. ದಿನಕ್ಕೆ ಹತ್ತು ಸಲ ತೆಗೆದು ಇಡುವವರಿಗೆ ಜಿ10, ಗಂಟೆಗಟ್ಟಲೆ ಹಿಡಿದು ಕೂರುವವರಿಗೆ ಮರ. ಇದರಲ್ಲಿ ನನಗೆ ಅನುಮಾನ ಇಲ್ಲ.

ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಬೀಚ್ ಮರದ ಚಾಕು ದರಕಿನ, ಅಂದರೆ ಒಣಗಿ ಉದುರಿದ ಎಲೆಯ, ಮೇಲೆ ಬಿದ್ದರೆ ಹುಡುಕುವುದು ಕಷ್ಟ. ಒಂದು ಸಲ ಬೆಟ್ಟದಲ್ಲಿ ಅರ್ಧ ಗಂಟೆ ಎಲೆ ಕೆದಕಿದೆ. ಕಾಲಿಗೆ ಉಂಬಳ ಹತ್ತಿದ್ದು ಲೆಕ್ಕವಿಲ್ಲ. ಈಗ ಹಿಡಿಯ ಹಿಂದೆ ತೂತು ಕೊರೆದು ಕೆಂಪು ದಾರದ ಕುಚ್ಚು ಕಟ್ಟಿದ್ದೇನೆ.

ಹಲಸಿನ ಕಸಿ ಮಾಡುವವರಿಗೆ ಇನ್ನೊಂದು ಮಾತು. ಹಲಸಿನ ಮೇಣ ಮಡಚುವ ಚಾಕುವಿನ ಶತ್ರು. ಅಚ್ಚಿನ ಮೊಳೆಯ ಸಂದಿಗೆ, ಬಳೆಯ ಅಡಿಗೆ ಹೋಗಿ ಕೂತರೆ ಮರುದಿನ ಏನೂ ಅಲುಗುವುದಿಲ್ಲ. ಕೆಲಸಕ್ಕೆ ಮುಂಚೆಯೇ ಅಲಗಿಗೂ ಸಂದಿಗೂ ಕೊಬ್ಬರಿ ಎಣ್ಣೆ ಬಿಡಿ. ಮುಗಿದ ತಕ್ಷಣ ಎಣ್ಣೆ ಬಟ್ಟೆಯಲ್ಲಿ ಒರೆಸಿ. ಓಪಿನೆಲ್ ಬಳೆಯನ್ನು ಇಕ್ಕಳದಲ್ಲಿ ಮೆಲ್ಲಗೆ ಅಗಲಿಸಿ ಪೂರ್ತಿ ತೆಗೆದು ತೊಳೆಯಬಹುದು. ಹತ್ತಾರು ಪಟ್ಟಿ, ತಿರುಪು ಇರುವ ಚಾಕುಗಳಲ್ಲಿ ಮೇಣ ಎಲ್ಲಿ ಹೊಕ್ಕಿದೆ ಅಂತ ಕಾಣುವುದೇ ಇಲ್ಲ.

ಎರಡು ಮುಖ ಮಸೆದ ಚಾಕು ಎಡಗೈಗೆ ಸಮ, ಆದರೂ ನಿಜವಾದ ಕಸಿ ಚಾಕುವಿನಷ್ಟು ಮಟ್ಟ ಬರುವುದಿಲ್ಲ. ಕಾರ್ಬನ್ ಅಲಗು ಕಲ್ಲಿಗೆ ಇಷ್ಟು ಸಲೀಸಾಗಿ ಸವೆಯುತ್ತದೆ ಅಂದ ಮೇಲೆ ನಾನೇ ಯಾಕೆ ಒಂದು ಮುಖ ಚಪ್ಪಟೆ ಮಾಡಬಾರದು ಅಂತ ಕಳೆದ ಚಳಿಗಾಲ ಯೋಚನೆ ಬಂತು. ಯಾವ ಮುಖ ಅನ್ನುವುದು ತಪ್ಪಬಾರದು. ಅಲಗಿನ ಎರಡೂ ಮುಖಕ್ಕೆ ಸ್ಕೆಚ್ ಪೆನ್ನಿನ ಬಣ್ಣ ಬಳಿದು, ಎಡಗೈಯಲ್ಲಿ ನಾಲ್ಕು ಕಡ್ಡಿ ಹೆರೆದೆ. ಕಡ್ಡಿಗೆ ಒರಗುವ ಮುಖದ ಬಣ್ಣ ಅಳಿಸಿತು. ಆ ಮುಖವನ್ನು ಸಾಣೆಕಲ್ಲಿನ ಒರಟು ಬದಿಯ ಮೇಲೆ ಮಲಗಿಸಿ, ಅಂಚಿನ ಪಕ್ಕದ ನಾಲ್ಕು ಮಿಲಿಮೀಟರ್ ಪೂರ್ತಿ ಮಟ್ಟ ಆಗುವವರೆಗೆ ಎಳೆದೆ. ನಾಲ್ಕು ಸಂಜೆ ಹಿಡಿಯಿತು. ಆಮೇಲೆ ನುಣುಪು ಬದಿ, ಕೊನೆಗೆ ಹಳೇ ಚರ್ಮದ ಬೆಲ್ಟು. ಇನ್ನೊಂದು ಮುಖದ ಇಳಿಜಾರನ್ನು ಇದ್ದ ಹಾಗೆ ಬಿಟ್ಟೆ.

ಮಾವ ಈಗ ಹೊರಗೆ ಓಡಾಡುವುದು ಕಡಿಮೆ. ಜಗುಲಿಯಲ್ಲಿ ಕೂತಿದ್ದರು. ಮಾಳಂಜಿ ಅನ್ನುವ ಅಪ್ಪೆಮಿಡಿ ತಳಿಯ ಒಂದು ಕುಡಿ ಹೆರೆದು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಬೆಣೆಯ ಮುಖವನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಸವರಿದರು. ತಿರುಗಿಸಿ ಆಚೆ ಮುಖ ಸವರಿದರು. "ಹ್ಞೂಂ, ಹೋಗಿ ಕಟ್ಟು, ಒಣಗಿಸಬೇಡ" ಅಂದರು. ಆ ಗಿಡ ಈಗ ನೆರಳುಬಲೆಯ ಮೊದಲ ಸಾಲಿನಲ್ಲಿದೆ, ಎರಡನೇ ಸುತ್ತಿನ ಕೆಂಪು ಚಿಗುರು ಬಿಟ್ಟಿದೆ.